ಎರಡು ಸಲ ಹೊತ್ತಿದ ಸ್ಕೂಟರ್: ಅಗ್ನಿಶಾಮಕ ಸೇವೆಯ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಹಾನಿರ್ದೇಶಕರು,
ಅಗ್ನಿಶಾಮಕ ಮತ್ತು ತುರ್ತು ಸೇವೆಗಳು,
ಬೆಂಗಳೂರು

ವಿಷಯ: ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿಗೆ ಬೆಂಕಿ ಬಿದ್ದಾಗ ಏನು ಮಾಡಬೇಕು ಅನ್ನುವ ಬಗ್ಗೆ

ಮಾನ್ಯರೇ,

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದೇ ಸ್ಕೂಟರ್ ಎರಡು ಸಲ ಹೊತ್ತಿ ಉರಿಯಿತು. ಮೊದಲ ಸಲ ರಾತ್ರಿ ಹನ್ನೊಂದೂವರೆಗೆ, ಬೇಸ್‌ಮೆಂಟಿನಲ್ಲಿ. ಎರಡನೇ ಸಲ ಬೆಳಗಿನ ಜಾವ ಐದೂವರೆಗೆ, ಗೇಟಿನ ಪಕ್ಕದ ಶೆಡ್ಡಿನಲ್ಲಿ. ನಡುವಿನ ಹೊತ್ತಿನಲ್ಲಿ ನಾವೆಲ್ಲ ಬೆಂಕಿ ಆರಿತು ಅಂದುಕೊಂಡು, ಕಾಫಿ ಕುಡಿದು, ಮಲಗಿದ್ದೆವು. ನಿಮ್ಮ ಸಿಬ್ಬಂದಿಯೂ ಆರಿತು ಅಂದುಕೊಂಡೇ ಹೊರಟಿದ್ದರು. ಈ ಪತ್ರ ಆ ನಡುವಿನ ಹೊತ್ತಿನ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ, ಇದು ಬಂದವರ ಮೇಲಿನ ದೂರಲ್ಲ. ಅದಕ್ಕೇ ಠಾಣೆಯ ಹೆಸರನ್ನಾಗಲಿ ನಮ್ಮ ಬಡಾವಣೆಯ ಹೆಸರನ್ನಾಗಲಿ ಬರೆದಿಲ್ಲ. ಫೋನ್ ಮಾಡಿದ ಹದಿನೈದು ನಿಮಿಷಕ್ಕೆ ಗಾಡಿ ಬಂತು. ಇಳಿದವರು ಹೊಗೆ ತುಂಬಿದ ಬೇಸ್‌ಮೆಂಟಿಗೆ ಹಿಂದೆಮುಂದೆ ನೋಡದೆ ನುಗ್ಗಿದರು. ಅವರ ಧೈರ್ಯದ ಬಗ್ಗೆ ನನ್ನದೇನೂ ತಕರಾರಿಲ್ಲ. ಏನು ಹೇಳಿಕೊಟ್ಟು ಅವರನ್ನು ಅಲ್ಲಿಗೆ ಕಳಿಸಿದ್ದೆವು ಅನ್ನುವುದೇ ನನ್ನ ಪ್ರಶ್ನೆ.

ನಡೆದದ್ದು ಹೀಗೆ. ವಾಚ್‌ಮನ್ ಓಡಿ ಬಂದು ಬಾಗಿಲು ಬಡಿದು, "ಸರ್, ಕೆಳಗೆ ಯಾರೋ ಪಟಾಕಿ ಹೊಡೀತಾವ್ರೆ" ಅಂದ. ಇಳಿದು ಹೋದರೆ ಮೂರನೇ ಮಹಡಿಯ ಹುಡುಗನ ಸ್ಕೂಟರ್. ಚಾರ್ಜಿಗೆ ಹಾಕಿ ಹೋಗಿದ್ದ. ಸೀಟಿನ ಕೆಳಗಿನಿಂದ ಬಿಳಿ ಹೊಗೆ ಬರುತ್ತಿತ್ತು. ಮೇಲಕ್ಕೆ ಹೋಗುವ ಬದಲು ನೆಲಕ್ಕೆ ಅಂಟಿಕೊಂಡೇ ಹರಿದು ಬರುತ್ತಿತ್ತು. ಮಾಮೂಲಿ ಸುಟ್ಟ ವಾಸನೆ ಅಲ್ಲ. ನೇಲ್ ಪಾಲಿಶ್ ಬಾಟಲಿ ಒಡೆದ ಹಾಗೆ ಒಂಥರಾ ಸಿಹಿ ವಾಸನೆ. ಹಬೆ ಇರಬೇಕು ಅಂದುಕೊಂಡು ನಾನು ಹತ್ತಿರ ಹೋದೆ. ಅಷ್ಟರಲ್ಲಿ ಆ ಬಿಳಿ ಹೊಗೆಗೇ ಬೆಂಕಿ ಹತ್ತಿತು. ಹುಬ್ಬು ಸುಟ್ಟುಕೊಂಡು ಹಿಂದೆ ಬಂದೆ.

ಗೋಡೆಗೆ ನೇತುಹಾಕಿದ್ದ ಪೌಡರ್ ಸಿಲಿಂಡರ್ ತೆಗೆದು ಹೊಡೆದೆವು. ಜ್ವಾಲೆ ತಟ್ಟನೆ ಇಳಿಯಿತು. ಹತ್ತು ಎಣಿಸುವುದರೊಳಗೆ ಮತ್ತೆ ಎದ್ದಿತು. ಹೀಗೆ ಮೂರು ಸಿಲಿಂಡರ್ ಖಾಲಿಯಾದವು. ನಾಲ್ಕು ಹೆಜ್ಜೆ ದೂರದಲ್ಲೇ ಕಾರು ತೊಳೆಯುವ ಪೈಪಿತ್ತು. ಅದನ್ನು ಮುಟ್ಟಲು ಯಾರೂ ಬಿಡಲಿಲ್ಲ. "ಕರೆಂಟ್ ಗಾಡಿ, ನೀರು ಹಾಕ್ಬೇಡಿ!" ಅಂತ ನಾಲ್ಕು ಕಡೆಯಿಂದ ಕೂಗಾಟ. ಆ ಕೂಗಾಟದಲ್ಲಿ ನನ್ನ ದನಿಯೂ ಇತ್ತು.

ಆ ಮೇಲೆ ಓದಿ, ಕೇಳಿ ತಿಳಿದುಕೊಂಡೆ. ನಾವು ಮಾಡಿದ್ದು ಪೂರ್ತಿ ಉಲ್ಟಾ. ಸ್ಕೂಟರಿನ ಬ್ಯಾಟರಿ ಡಬ್ಬಿಯೊಳಗೆ ಬೆರಳು ಗಾತ್ರದ ನೂರಾರು ಸೆಲ್‌ಗಳು ಒತ್ತೊತ್ತಾಗಿ ಕೂತಿರುತ್ತವೆ. ಒಂದು ಸೆಲ್ಲಿನ ಒಳಗೆ ಶಾರ್ಟ್ ಆಗಿ ಬಿಸಿ ಏರಿತು ಅಂತಿಟ್ಟುಕೊಳ್ಳಿ. ಸುಮಾರು 130 ಡಿಗ್ರಿಗೆ ಒಳಗಿನ ತೆಳು ಪ್ಲಾಸ್ಟಿಕ್ ಪರದೆ ಕರಗಲು ಶುರುವಾಗುತ್ತದೆ. ಅಲ್ಲಿಂದ ಆಚೆಗೆ ಸೆಲ್ಲಿಗೆ ಹೊರಗಿನ ಬೆಂಕಿಯೇ ಬೇಕಾಗಿಲ್ಲ. ತನ್ನ ಬಿಸಿಗೆ ತಾನೇ ಇನ್ನೂ ಬಿಸಿಯಾಗುತ್ತದೆ, ಗ್ಯಾಸ್ ಉಗುಳುತ್ತದೆ, ಪಕ್ಕದ ಸೆಲ್ಲಿಗೂ ಬಿಸಿ ದಾಟಿಸುತ್ತದೆ. ಇಂಗ್ಲಿಷಿನವರು ಇದಕ್ಕೆ ಥರ್ಮಲ್ ರನ್‌ಅವೇ ಅನ್ನುತ್ತಾರೆ. ನಮ್ಮ ವಾಚ್‌ಮನ್ ಹೇಳಿದ್ದು ಇನ್ನೂ ಚೆನ್ನಾಗಿತ್ತು. ಇದು ಸರಪಟಾಕಿ. ಪೌಡರ್ ಹೊಡೆದರೆ ಮೇಲಿನ ಜ್ವಾಲೆ ಕೂರುತ್ತದೆ, ಒಳಗಿನ ಬಿಸಿ ಹಾಗೇ ಇರುತ್ತದೆ. ಬಿಸಿ ತೆಗೆಯುವುದಕ್ಕೆ ನೀರಿಗಿಂತ ಒಳ್ಳೆಯದು ಯಾವುದೂ ಇಲ್ಲ.

ಲಿಥಿಯಂಗೆ ನೀರು ತಾಗಿದರೆ ಸಿಡಿಯುತ್ತದೆ ಅಂತ ಹೈಸ್ಕೂಲಿನಲ್ಲಿ ಓದಿದ್ದು ಸುಳ್ಳಲ್ಲ. ಆದರೆ ಅದು ಲೋಹದ ಲಿಥಿಯಂ. ಈ ಬ್ಯಾಟರಿಗಳಲ್ಲಿ ಲಿಥಿಯಂ ಆ ರೂಪದಲ್ಲಿ ಗಟ್ಟಿಯಾಗಿ ಕೂತಿರುವುದಿಲ್ಲ. ಸ್ಕೂಟರ್ ಬ್ಯಾಟರಿಯ ವೋಲ್ಟೇಜ್ ಕೂಡ ಸಾಮಾನ್ಯವಾಗಿ 48ರಿಂದ 72ರ ಆಸುಪಾಸು. ಗೋಡೆಯ ಎಂಸಿಬಿ ಸ್ವಿಚ್ ಇಳಿಸಿ ಕರೆಂಟ್ ತೆಗೆದು, ದೂರದಿಂದ ನೀರು ಬಿಡಬಹುದಿತ್ತು. ಕಾರಿನ ಕಥೆ ಬೇರೆ. ಅಲ್ಲಿ 300-400 ವೋಲ್ಟ್, ಕೆಲವು ಕಾರುಗಳಲ್ಲಿ 800. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಮುಟ್ಟಬಾರದು, ಕತ್ತರಿಸಬಾರದು. ಅಲ್ಲೂ ಆರಿಸುವುದು ನೀರೇ. ಈ ಎರಡು ಮಾತು ನಮ್ಮಂಥವರಿಗೆ ಗೊತ್ತಿಲ್ಲದೇ ಇದ್ದರೆ ಅದು ಸಹಜ. ಆದರೆ ಆ ರಾತ್ರಿ ಹೋಸ್ ಹಿಡಿದು ಬಂದವರಲ್ಲೂ ಒಬ್ಬರು, "ನೀರು ಬಿಡೋದಾ, ಫೋಮಾ?" ಅಂತ ಇನ್ನೊಬ್ಬರನ್ನು ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ. ಇಲಾಖೆಯ ಸುತ್ತೋಲೆ ಯಾವುದೋ ಫೈಲಿನಲ್ಲಿ ಇರಬಹುದು. ನಮ್ಮ ರ‍್ಯಾಂಪಿನ ಮೇಲೆ ನಿಂತಿದ್ದವರ ತಲೆಯಲ್ಲಿ ಇರಲಿಲ್ಲ.

ಕೊನೆಗೆ ನೀರನ್ನೇ ಬಿಟ್ಟರು. ಅರ್ಧ ಗಂಟೆಯಲ್ಲಿ ಜ್ವಾಲೆ ನಿಂತಿತು. ಇಬ್ಬರ ಬೆನ್ನಿಗೆ ಉಸಿರಾಟದ ಸಿಲಿಂಡರ್ ಇತ್ತು. ಹೋಸ್ ಎಳೆಯುತ್ತಿದ್ದ ಚಿಕ್ಕ ಹುಡುಗ ಮಾತ್ರ ಮೂಗಿಗೆ ಒದ್ದೆ ಕರ್ಚೀಫ್ ಕಟ್ಟಿಕೊಂಡಿದ್ದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅವನು ಕೆಮ್ಮಿದ ಕೆಮ್ಮು ಇನ್ನೂ ನನ್ನ ಕಿವಿಯಲ್ಲಿದೆ. ಈ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಸ್ವಾಮಿ. ಬ್ಯಾಟರಿಯ ದ್ರವದಲ್ಲಿರುವ ಉಪ್ಪು ಬಿಸಿಗೆ ಒಡೆದು ಹುಟ್ಟುವ ವಿಷ ಅದು. ಜೊತೆಗೆ ಕಾರ್ಬನ್ ಮಾನಾಕ್ಸೈಡ್. ಒದ್ದೆ ಬಟ್ಟೆ ಅದನ್ನು ತಡೆಯುವುದಿಲ್ಲ. 2022ರ ಮಾರ್ಚ್‌ನಲ್ಲಿ ವೆಲ್ಲೂರಿನಲ್ಲಿ ಮನೆಯಲ್ಲಿ ಚಾರ್ಜಿಗಿಟ್ಟ ಸ್ಕೂಟರಿನಿಂದ ಸತ್ತ ಅಪ್ಪ-ಮಗಳನ್ನು ಕೊಂದದ್ದು ಹೊಗೆ. ಅದೇ ವರ್ಷ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನ ಹೋಟೆಲ್ ಕಟ್ಟಡದ ಕೆಳಗಿದ್ದ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮಿನಿಂದ ಹೊಗೆ ಮೇಲೇರಿ 8 ಜನ ಹೋದರು. 2024ರ ನವೆಂಬರ್ 19ರಂದು ನಮ್ಮದೇ ರಾಜಾಜಿನಗರದ ಶೋರೂಮಿನಲ್ಲಿ ಇಪ್ಪತ್ತರ ಹುಡುಗಿಯೊಬ್ಬಳು ಹೊರಗೆ ಬರಲಾಗದೆ ಸತ್ತಳು. ಹಾಗಾಗಿ ಬೆಂಕಿ ಎಷ್ಟೇ ಚಿಕ್ಕದಿರಲಿ, ಬ್ಯಾಟರಿಯದ್ದು ಅಂತ ಗೊತ್ತಾದ ತಕ್ಷಣ ಹತ್ತಿರ ಹೋಗುವ ಪ್ರತಿಯೊಬ್ಬರಿಗೂ ಉಸಿರಾಟದ ಸೆಟ್ ಇರಲೇಬೇಕು. ಸೆಟ್ ಎರಡೇ ಇದ್ದರೆ ಇಬ್ಬರೇ ಹೋಗಲಿ. ಇದು ನನ್ನ ಮೊದಲ ಕೋರಿಕೆ. ಉಳಿದದ್ದೆಲ್ಲ ತಡವಾದರೂ ಇದು ತಡವಾಗಬಾರದು.

ಈಗ ಆ ನಡುವಿನ ಹೊತ್ತಿಗೆ ಬರುತ್ತೇನೆ. ಜ್ವಾಲೆ ನಿಂತ ಮೇಲೆ ತಂಡದ ಹಿರಿಯರು, "ಗಾಡಿ ಹೊರಗಿಡಿ, ನಾಳೆ ಪೊಲೀಸರಿಗೆ ತೋರಿಸಿ" ಅಂದು ಹೊರಟರು. ಹೊರಗೆ ಅಂದರೆ ಎಲ್ಲಿ? ಎಷ್ಟು ದೂರ? ಎಷ್ಟು ಹೊತ್ತು ಕಾಯಬೇಕು? ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಮಳೆ ಬರುವ ಹಾಗಿತ್ತು. ಕರಕಲಾದ ಗಾಡಿಯನ್ನು ನಾಲ್ಕು ಜನ ಎತ್ತಿ ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿಟ್ಟೆವು. ಆ ಶೆಡ್ಡಿನ ಆಚೆಗಿರುವುದು ಜನರೇಟರ್. ಅದರ ಡೀಸೆಲ್ ಟ್ಯಾಂಕ್. ಬುದ್ಧಿವಂತರ ಸಂಘ ನಮ್ಮದು!

ಐದೂವರೆಗೆ ಹಾಲು ತರಲು ಹೊರಟ ಒಬ್ಬರಿಗೆ ಶೆಡ್ಡಿನಿಂದ ಮತ್ತೆ ಅದೇ ಪಟಪಟ ಸದ್ದು ಕೇಳಿಸಿತು. ಡೀಸೆಲ್ಲಿಗೆ ಹತ್ತದೇ ಹೋದದ್ದು ನಮ್ಮ ಪುಣ್ಯ, ಅಷ್ಟೇ.

ಇದೇನು ಅಪರೂಪದ ವಿಚಿತ್ರವಲ್ಲ. ಸುಟ್ಟ ಡಬ್ಬಿಯಲ್ಲಿ ಸುಡದೇ ಉಳಿದ ಸೆಲ್‌ಗಳಲ್ಲಿ ಚಾರ್ಜ್ ಹಾಗೇ ಇರುತ್ತದೆ. ಬಿಸಿ ನಿಧಾನವಾಗಿ ಅವಕ್ಕೂ ದಾಟುತ್ತದೆ. 2018ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಅಪಘಾತವಾಗಿ ಉರಿದ ಎಲೆಕ್ಟ್ರಿಕ್ ಕಾರು, ಐದು ದಿನದ ಮೇಲೆ, ಜಪ್ತಿ ಮಾಡಿ ನಿಲ್ಲಿಸಿದ್ದ ಅಂಗಳದಲ್ಲಿ ಮತ್ತೆ ಹೊತ್ತಿಕೊಂಡಿತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಎಲೆಕ್ಟ್ರಿಕ್ ಕಾರು ಉರಿದ ನಾಲ್ಕು ಪ್ರಕರಣಗಳನ್ನು ತನಿಖೆ ಮಾಡಿ 2020ರಲ್ಲಿ ವರದಿ ಕೊಟ್ಟಿತು. ಉಳಿದುಕೊಂಡ ಈ ಕರೆಂಟಿನ ಬಗ್ಗೆ ಅಗ್ನಿಶಾಮಕರಿಗೆ ಕಂಪನಿಗಳು ಸರಿಯಾದ ವಿವರ ಕೊಡುತ್ತಿಲ್ಲ ಅನ್ನುವುದೇ ಅದರ ಮುಖ್ಯ ಮಾತು. ಸುಟ್ಟ ಗಾಡಿಯ ಸುತ್ತ 50 ಅಡಿ ಜಾಗ ಖಾಲಿ ಬಿಡಿ ಅನ್ನುವುದು ಅಲ್ಲಿನ ವಾಡಿಕೆ. 2019ರಲ್ಲಿ ನೆದರ್‌ಲೆಂಡ್ಸ್‌ನ ಬ್ರೆಡಾದಲ್ಲಿ ಹೊಗೆಯಾಡುತ್ತಿದ್ದ ಹೈಬ್ರಿಡ್ ಕಾರೊಂದನ್ನು ಕ್ರೇನಿನಿಂದ ಎತ್ತಿ ನೀರು ತುಂಬಿದ ಕಂಟೇನರಿಗೆ ಇಳಿಸಿಬಿಟ್ಟರು. ಅಕ್ಕಿ ನೆನೆಹಾಕಿದ ಹಾಗೆ ಕಾರು ನೆನೆಹಾಕುವುದು! ನೋಡಲು ನಗು ಬಂದರೂ ಕೆಲಸ ಮಾಡುವ ಉಪಾಯ.

ಪ್ರತಿ ಬೀದಿಗೆ ಕಂಟೇನರ್ ತನ್ನಿ ಅಂತ ನಾನು ಕೇಳುತ್ತಿಲ್ಲ. ಕೇಳುವುದು ಒಂದು ಹಾಳೆ. ಹೊರಡುವ ಮುಂಚೆ ಮನೆಯವರ ಕೈಗೆ ಕೊಟ್ಟು, ಸಹಿ ಹಾಕಿಸಿಕೊಳ್ಳುವ ಒಂದು ಹಾಳೆ, ಕನ್ನಡದಲ್ಲಿ. ಗಾಡಿಯನ್ನು ಬಯಲಲ್ಲಿಡಿ, ಗೋಡೆಯಿಂದಲೂ ಬೇರೆ ಗಾಡಿಗಳಿಂದಲೂ ಇಷ್ಟು ದೂರ. ಮುಚ್ಚಿಡಬೇಡಿ. ಒಂದು ದಿನವಾದರೂ ಕಣ್ಣಿಡಿ. ಬಿಳಿ ಹೊಗೆ, ಸಿಳ್ಳೆಯಂಥ ಸದ್ದು, ಪಟಪಟ ಕೇಳಿದರೆ ಹತ್ತಿರ ಹೋಗದೆ ಈ ನಂಬರಿಗೆ ಫೋನ್ ಮಾಡಿ. ಇಷ್ಟು ಬರೆದಿದ್ದರೆ ಸಾಕಿತ್ತು, ನಾವು ಅದನ್ನು ಡೀಸೆಲ್ ಪಕ್ಕ ಇಡುತ್ತಿರಲಿಲ್ಲ. ಜೊತೆಗೆ ಪ್ರತಿ ಠಾಣೆಗೂ ಒಂದು ಥರ್ಮಲ್ ಕ್ಯಾಮೆರಾ ಬೇಕು. ಬರಿಗಣ್ಣಿಗೆ ತಣ್ಣಗಾದ ಹಾಗೆ ಕಾಣುವ ಡಬ್ಬಿಯ ಮೈ ಎಲ್ಲಿ ಇನ್ನೂ ಬಿಸಿಯಾಗಿದೆ ಅನ್ನುವುದನ್ನು ಅದು ತೋರಿಸುತ್ತದೆ. ಆ ರಾತ್ರಿ ನಿಮ್ಮವರು ಅಂಗೈ ಹತ್ತಿರ ಹಿಡಿದು ನೋಡಿ, "ತಣ್ಣಗಾಯ್ತು" ಅಂದರು. ದೋಸೆ ಕಾವಲಿ ನೋಡುವ ಹಾಗೆ.

ಫೋನಿನ ವಿಷಯವನ್ನೂ ಹೇಳಬೇಕು. ನಾನು ಫೋನ್ ಮಾಡಿದಾಗ ವಿಳಾಸ ಕೇಳಿದರು, ಲ್ಯಾಂಡ್‌ಮಾರ್ಕ್ ಕೇಳಿದರು. ನಾನು "ಬೈಕಿಗೆ ಬೆಂಕಿ" ಅಂದೆ. ಎಂಥ ಬೈಕು ಅಂತ ಯಾರೂ ಕೇಳಲಿಲ್ಲ, ನನಗೂ ಹೇಳಬೇಕು ಅಂತ ಹೊಳೆಯಲಿಲ್ಲ. ಪೆಟ್ರೋಲ್ ಬೈಕಿಗೆ ತಯಾರಾಗಿ ಬಂದವರು ಬ್ಯಾಟರಿ ಎದುರು ನಿಂತರು. 101 ಆಗಲಿ 112 ಆಗಲಿ, ವಾಹನಕ್ಕೆ ಬೆಂಕಿ ಅಂದ ತಕ್ಷಣ ಮೂರು ಪ್ರಶ್ನೆ ಕೇಳಿದರೆ ಸಾಕು. ನಂಬರ್ ಪ್ಲೇಟ್ ಹಸಿರಾ? ಚಾರ್ಜಿಗೆ ಹಾಕಿತ್ತಾ? ನೆಲಮಾಳಿಗೆಯಲ್ಲಿದೆಯಾ? ಹಸಿರು ಪ್ಲೇಟು 2018ರಿಂದ ಬಂದಿದೆ. ದೂರದಿಂದಲೇ ಗುರುತಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಒಂದು ಎಚ್ಚರಿಕೆ: 250 ವ್ಯಾಟ್ ಒಳಗಿನ, ಗಂಟೆಗೆ 25 ಕಿಲೋಮೀಟರ್ ಮೀರದ ಗಾಡಿಗಳಿಗೆ ನೋಂದಣಿಯೇ ಬೇಡ, ಹಾಗಾಗಿ ಪ್ಲೇಟೂ ಇರುವುದಿಲ್ಲ. ನಮ್ಮ ರಸ್ತೆಯಲ್ಲಿ ಊಟದ ಪಾರ್ಸಲ್ ತರುವ ಹುಡುಗರ ಗಾಡಿಗಳಲ್ಲಿ ಇಂಥವೇ ಜಾಸ್ತಿ.

ಸ್ಕೂಟರಿಗೇ ಹೀಗಾದರೆ ಕಾರಿಗೆ? ಟೆಸ್ಲಾ ಕಂಪನಿ ತನ್ನ ಕಾರುಗಳ ಬಗ್ಗೆ ಅಗ್ನಿಶಾಮಕರಿಗೆ ಕೊಟ್ಟ ಕೈಪಿಡಿಯಲ್ಲಿ 3,000ದಿಂದ 8,000 ಗ್ಯಾಲನ್ ನೀರು ಬೇಕಾಗಬಹುದು ಅಂದಿದೆ. ನಮ್ಮ ಲೆಕ್ಕದಲ್ಲಿ ಸುಮಾರು 11,000ದಿಂದ 30,000 ಲೀಟರ್. ನೀರು ಹೊತ್ತು ಬರುವ ನಿಮ್ಮ ಸಾಮಾನ್ಯ ಗಾಡಿಯಲ್ಲಿ, ಅಂದರೆ ವಾಟರ್ ಟೆಂಡರಿನಲ್ಲಿ, ಹಿಡಿಯುವುದು 4,500 ಲೀಟರ್. ಒಂದು ಕಾರಿಗೆ ಮೂರರಿಂದ ಏಳು ಗಾಡಿ ನೀರು ಬೇಕು ಅಂತಾಯಿತು. ಬೇಸಿಗೆಯಲ್ಲಿ ಕುಡಿಯಲು ಟ್ಯಾಂಕರ್ ಕಾಯುವ ಊರು ನಮ್ಮದು. ಆ ನೀರು ಎಲ್ಲಿಂದ ಬರಬೇಕು ಅನ್ನುವುದನ್ನು ಬೆಂಕಿ ಬಿದ್ದ ಮೇಲೆ ಯೋಚಿಸಲಾಗುವುದಿಲ್ಲ, ಅಲ್ವಾ? ಯಾವ ಬಡಾವಣೆಯಲ್ಲಿ ಯಾವ ಸಂಪು, ಯಾವ ಮೇಲ್ಮಟ್ಟದ ಟ್ಯಾಂಕು ಅಂತ ಠಾಣೆಗಳಲ್ಲಿ ಈಗಲೇ ಪಟ್ಟಿಯಾಗಬೇಕು. ಇನ್ನೊಂದು ತೊಡಕಿದೆ. ಮಳೆ ನೀರು ಒಳಗೆ ಹೋಗಬಾರದು ಅಂತ ಬ್ಯಾಟರಿ ಡಬ್ಬಿಯನ್ನು ಭದ್ರವಾಗಿ ಮುಚ್ಚಿರುತ್ತಾರೆ. ಅದೇ ಮುಚ್ಚಳ ಹೋಸಿನ ನೀರನ್ನೂ ಒಳಗೆ ಬಿಡುವುದಿಲ್ಲ. ಜ್ವಾಲೆಯ ಮೇಲೆ ಸುಮ್ನೆ ನೀರು ಚೆಲ್ಲಿದರೆ ನೀರು ಖರ್ಚು, ಬಿಸಿ ಅಲ್ಲೇ. ಡಬ್ಬಿ ಎಲ್ಲಿದೆ, ಅದರ ಯಾವ ಬದಿಗೆ ನೀರು ಹಿಡಿಯಬೇಕು ಅನ್ನುವುದು ಗೊತ್ತಿರಬೇಕು. ಪ್ರತಿ ಮಾಡೆಲಿಗೂ ಬೇರೆ. ಈ ಮಾಹಿತಿ ಕಂಪನಿಗಳ ಹತ್ತಿರ ಇದೆ. ಕರ್ನಾಟಕದಲ್ಲಿ ಗಾಡಿ ಮಾರುವ ಪ್ರತಿ ಕಂಪನಿಯೂ ಒಂದೊಂದು ಪುಟದ ಚಿತ್ರಸಹಿತ ಹಾಳೆ ಮಾಡಿ ಠಾಣೆಗಳಿಗೆ ಕೊಡಲಿ. ನೀವು ಕೇಳಿದರೆ ಕೊಡದೆ ಇರಲಾರರು. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. ಗಾಡಿ ತರುವುದರಲ್ಲಿ ಮೊದಲು, ಆರಿಸುವುದರಲ್ಲಿ ಕೊನೆ ಆದರೆ ಹೇಗೆ?

ಬಾಗಿಲು ತೆರೆಯುವ ಬಗ್ಗೆ ಒಂದು ಮಾತು. ಮುಚ್ಚಿದ ಜಾಗದಲ್ಲಿ ಬ್ಯಾಟರಿ ಹೊಗೆಯುಗುಳುತ್ತಿದ್ದು, ಜ್ವಾಲೆ ಇಲ್ಲದಿದ್ದರೆ ಅದು ಇನ್ನೂ ಅಪಾಯ. ನಾನು ಹಬೆ ಅಂದುಕೊಂಡದ್ದು ಹೈಡ್ರೋಜನ್ ಬೆರೆತ, ಉರಿಯುವ ಗ್ಯಾಸ್. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿ ವಿದ್ಯುತ್ ಕೂಡಿಡುವ ಬ್ಯಾಟರಿಗಳ ಕೊಠಡಿಯ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಸ್ಫೋಟವಾಗಿ ಅಗ್ನಿಶಾಮಕರು ತೀವ್ರ ಗಾಯಗೊಂಡರು. 2021ರ ಏಪ್ರಿಲ್‌ನಲ್ಲಿ ಬೀಜಿಂಗ್‌ನಲ್ಲಿ ಅಂಥದೇ ಸ್ಫೋಟಕ್ಕೆ ಇಬ್ಬರು ಅಗ್ನಿಶಾಮಕರು ಸತ್ತರು. ಅಲ್ಲಿದ್ದದ್ದು ದೊಡ್ಡ ಬ್ಯಾಟರಿಗಳು, ನಿಜ. ಆದರೆ ನಮ್ಮ ಶೋರೂಮುಗಳ ಹಿಂದಿನ ಗೋಡೌನು, ಬ್ಯಾಟರಿ ಬದಲಿಸುವ ಗೂಡಂಗಡಿ, ಶಟರ್ ಎಳೆದ ಸರ್ವಿಸ್ ಸೆಂಟರುಗಳಲ್ಲೂ ಸೇರುವುದು ಅದೇ ಗ್ಯಾಸ್. ಶಟರ್ ಎತ್ತುವ ಹುಡುಗನಿಗೆ ಇದು ಮೊದಲೇ ಗೊತ್ತಿರಬೇಕು.

ತಪ್ಪು ನಮ್ಮ ಕಡೆಯೂ ಇದೆ. ಚಾರ್ಜಿಗೆ ಹಾಕಿದ್ದು ಎಕ್ಸ್‌ಟೆನ್ಷನ್ ಬೋರ್ಡಿಗೆ. ಬೇಸ್‌ಮೆಂಟಿನ ತೀರಾ ಒಳಮೂಲೆಯಲ್ಲಿ ಚಾರ್ಜಿಂಗ್ ಜಾಗ ಕೊಟ್ಟವನು ಸಂಘದ ಕಾರ್ಯದರ್ಶಿಯಾದ ನಾನೇ. ಅದು ರ‍್ಯಾಂಪಿನ ಬಾಯಿಯಲ್ಲೇ ಇದ್ದಿದ್ದರೆ ಹೋಸ್ ಸಲೀಸಾಗಿ ಹೋಗುತ್ತಿತ್ತು, ಹೊಗೆ ಹೊರಗೆ ಬರುತ್ತಿತ್ತು. ಬೆಂಕಿ ಬಿದ್ದರೆ ತಾನೇ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಇತ್ತು, ವಾಲ್ವ್ ಮುಚ್ಚಿತ್ತು. ಒಂದು ಸಲ ಸೋರಿತು ಅಂತ ಪ್ಲಂಬರ್ ಮುಚ್ಚಿ ಹೋದವನು ಮತ್ತೆ ತೆರೆದಿರಲಿಲ್ಲ. 2024ರ ಆಗಸ್ಟ್ 1ರಂದು ದಕ್ಷಿಣ ಕೊರಿಯಾದ ಇಂಚಿಯಾನ್‌ನ ಅಪಾರ್ಟ್‌ಮೆಂಟಿನಲ್ಲಿ ಒಂದೇ ಒಂದು ಎಲೆಕ್ಟ್ರಿಕ್ ಕಾರಿನಿಂದ ಶುರುವಾದ ಬೆಂಕಿಗೆ ಸುಮಾರು 140 ಕಾರುಗಳು ಹಾಳಾದವು. ಆರಿಸಲು ಎಂಟು ಗಂಟೆ ಬೇಕಾಯಿತು. ಅಲ್ಲೂ ಯಾರೋ ಸ್ಪ್ರಿಂಕ್ಲರ್ ನಿಲ್ಲಿಸಿಬಿಟ್ಟಿದ್ದರು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಿಮ್ಮವರು ತಪಾಸಣೆಗೆ ಬಂದಾಗ ಸಿಲಿಂಡರಿನ ಮೇಲಿನ ದಿನಾಂಕ ಮಾತ್ರ ನೋಡಬೇಡಿ. ವಾಲ್ವ್ ತಿರುಗಿಸಿ ನೋಡಿ. ಚಾರ್ಜಿಂಗ್ ಜಾಗ ಎಲ್ಲಿ ಅಂತ ಕೇಳಿ. ನಮ್ಮಂಥವರನ್ನು ಬೈದರೂ ಪರವಾಗಿಲ್ಲ.

ಹಾಗಂತ ಎಲೆಕ್ಟ್ರಿಕ್ ಗಾಡಿಯೇ ಬೇಡ ಅನ್ನುವವನಲ್ಲ ನಾನು. ಪೆಟ್ರೋಲ್ ಗಾಡಿಗಳಿಗೂ ಬೆಂಕಿ ಬೀಳುತ್ತದೆ. ನಮಗೆ ಅದು ಅಭ್ಯಾಸವಾಗಿದೆ, ಅಷ್ಟೇ. ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸುಗಳೇ ಸಾವಿರ ದಾಟಿವೆ, ನಾನೂ ದಿನಾ ಅದರಲ್ಲೇ ಓಡಾಡುತ್ತೇನೆ. 2022ರ ಅನಾಹುತಗಳ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿ ಮಾಡಿತು. ಆ ವರ್ಷ ಡಿಸೆಂಬರ್ 1ರಿಂದ ಮೊದಲ ಹಂತ, 2023ರ ಮಾರ್ಚ್ 31ರಿಂದ ಎರಡನೇ ಹಂತ. ಹೊಸ ಗಾಡಿಗಳಿಗೆ ಅದು ಒಳ್ಳೆಯದೇ. ಅದಕ್ಕೆ ಮುಂಚೆ ಮಾರಾಟವಾದವು, ಗಲ್ಲಿಯಲ್ಲಿ ಸೆಲ್ ಜೋಡಿಸಿ ಕಟ್ಟಿಕೊಟ್ಟ ಬ್ಯಾಟರಿಗಳು ಇನ್ನೂ ನಮ್ಮ ನಡುವೆಯೇ ಓಡಾಡುತ್ತಿವೆ. ಅವುಗಳ ಮುಂದೆ ನಿಲ್ಲಬೇಕಾದವರು ನಿಮ್ಮ ಸಿಬ್ಬಂದಿ. ಹೊಸದಾಗಿ ಸೇರುವವರಿಗೆ ತರಬೇತಿ ಕೊಡುವಾಗ ನಿಜವಾದ ಬ್ಯಾಟರಿಯೊಂದನ್ನು ಬಯಲಲ್ಲಿ ಸುಟ್ಟು ತೋರಿಸಿ. ಆ ಬಿಳಿ ಹೊಗೆ, ಆ ವಾಸನೆ, ಆ ಸದ್ದು ಒಮ್ಮೆ ಕಂಡು ಕೇಳಿದವರು ಮರೆಯುವುದಿಲ್ಲ. ನಾನಂತೂ ಮರೆತಿಲ್ಲ.

ಎರಡನೇ ಸಲ ಬಂದ ತಂಡದಲ್ಲಿ ಒಬ್ಬ ಅನುಭವಸ್ಥರಿದ್ದರು. ಅವರು ಜಾಸ್ತಿ ಮಾತಾಡಲಿಲ್ಲ. ಬಹಳ ಹೊತ್ತು ನೀರು ಬಿಟ್ಟು, ಉದ್ದದ ಕೊಕ್ಕೆಯಿಂದ ಬ್ಯಾಟರಿ ಡಬ್ಬಿಯನ್ನು ಎಳೆದು, ಬಯಲಿನಲ್ಲಿಟ್ಟ ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನ ನೀರಿಗೆ ಇಳಿಸಿದರು. ಎರಡು ದಿನ ಅದರಿಂದ ಗುಳುಗುಳು ಗುಳ್ಳೆ ಬರುತ್ತಿತ್ತು. ಸೊಳ್ಳೆ ಆಗುತ್ತೆ ಅಂತ ನಮ್ಮವರೊಬ್ಬರು ಮುಚ್ಚಳ ಹಾಕಿದ್ದರು. ಆ ಅನುಭವಸ್ಥರೇ ಫೋನ್ ಮಾಡಿ ವಿಚಾರಿಸಿದವರು, ಗ್ಯಾಸ್ ಕಟ್ಟಿಕೊಳ್ಳುತ್ತದೆ ಅಂತ ಗದರಿಸಿ ತೆಗೆಸಿದರು. ಇಂಥವರು ನಿಮ್ಮಲ್ಲೇ ಇದ್ದಾರೆ. ಅವರನ್ನೇ ಕೂರಿಸಿ ಆ ಹಾಳೆ ಬರೆಸಿ.

ಕೊನೆಯದಾಗಿ, ಆ ಡ್ರಮ್. ಇದನ್ನು ಬರೆಯುವ ಹೊತ್ತಿಗೆ ಹತ್ತೊಂಬತ್ತು ದಿನವಾಯಿತು, ಅದು ಇನ್ನೂ ನಮ್ಮ ಆವರಣದಲ್ಲೇ ಇದೆ. ಪೊಲೀಸರ ಮಹಜರು ಮುಗಿದಿದೆ. ಇನ್ಶೂರೆನ್ಸ್‌ನವರು ಫೋಟೋ ತೆಗೆದುಕೊಂಡು ಹೋದರು. ಗುಜರಿಯವನು ನೋಡಿದವನೇ ಕೈ ಮುಗಿದ. ಕಸದ ಗಾಡಿಯವರು ಮುಟ್ಟುವುದಿಲ್ಲ. ಕಂಪನಿಗೆ ಫೋನ್ ಮಾಡಿದರೆ ನಿಮ್ಮ ಕರೆ ನಮಗೆ ಮುಖ್ಯ ಅಂತ ಒಂದು ಹೆಣ್ಣುದನಿ ಹೇಳುತ್ತಲೇ ಇರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯ ಹೊಣೆ ತಯಾರಕರದ್ದು. ಸುಟ್ಟದ್ದನ್ನು ಒಯ್ಯಲು ಬರುವವರು ಯಾರು? ನೀರನ್ನು ಚರಂಡಿಗೆ ಚೆಲ್ಲುವ ಹಾಗಿಲ್ಲ, ಅದರಲ್ಲಿ ಫ್ಲೋರೈಡ್ ಇದೆ. ಮಕ್ಕಳು ಹತ್ತಿರ ಹೋಗದಂತೆ ಸುತ್ತ ಹಗ್ಗ ಕಟ್ಟಿದ್ದೇವೆ. ಪ್ರತಿ ಜಿಲ್ಲೆಗೆ ಒಂದಾದರೂ ಬಯಲು ಜಾಗ ಗೊತ್ತುಮಾಡಿ, ಇಂಥದ್ದನ್ನು ಸಾಗಿಸಲು ಒಂದು ಗಾಡಿ, ಒಂದು ಫೋನ್ ನಂಬರ್ ಇಡಿ ಅಂತ ಕೇಳುತ್ತೇನೆ. ಕಂಪನಿಗಳಿಂದಲೇ ಖರ್ಚು ವಸೂಲಿ ಮಾಡಿ.

ಅಲ್ಲಿಯ ತನಕ ನಮ್ಮ ಡ್ರಮ್ಮಿಗೆ ಯಾರನ್ನು ಕರೆಯಬೇಕು ಅಂತ ಒಂದು ಸಾಲು ಬರೆದು ತಿಳಿಸಿ. ಗೇಟು ತೆರೆದಿಡುತ್ತೇವೆ.

ಇಂತಿ,
ಕಾರ್ಯದರ್ಶಿ,
ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘ,
ಬೆಂಗಳೂರು